ಎಳೆಯ ಹುಡುಗನನ್ನು ಕೊಡಬೇಕಿತ್ತಾ, ಇಟ್ಟುಕೊಳ್ಳಬೇಕಿತ್ತಾ? ಡೆಟ್ರಾಯ್ಟ್ ಟೈಗರ್ಸ್ ತಂಡದ ಲೆಕ್ಕಾಚಾರ

ಪ್ರಶ್ನೆ: ನಾನು ಹಾಸನದ ಕಡೆಯವನು. ಕೆಲಸದ ಮೇಲೆ ಮಿಶಿಗನ್‌ಗೆ ಬಂದು ನೋವೈಯಲ್ಲಿ ನೆಲೆಸಿದ್ದೇನೆ. ಮಗನ ಜೊತೆ ಕೂತು ನೋಡುತ್ತಾ ನೋಡುತ್ತಾ ನನಗೂ ಬೇಸ್‌ಬಾಲ್ ಹುಚ್ಚು ಹಿಡಿದಿದೆ. 2025ರ ಜುಲೈನಲ್ಲಿ ನಮ್ಮ ಡೆಟ್ರಾಯ್ಟ್ ಟೈಗರ್ಸ್ ತಂಡ ಕೆವಿನ್ ಮೆಕ್‌ಗಾನಿಗಲ್, ಮ್ಯಾಕ್ಸ್ ಕ್ಲಾರ್ಕ್ ಎಂಬ, ಇನ್ನೂ ಕೆಳ ಹಂತದಲ್ಲಿ ಬೆಳೆಯುತ್ತಿದ್ದ ಇಬ್ಬರು ಹುಡುಗರನ್ನು ಆಟಗಾರರ ಅದಲುಬದಲಿನಲ್ಲಿ ಯಾರಿಗೂ ಕೊಡಲಿಲ್ಲ. ಹಾಗಾಗಿ ದೊಡ್ಡ ಆಟಗಾರ ಯಾರೂ ಬರಲಿಲ್ಲ. ಅಕ್ಟೋಬರ್‌ನಲ್ಲಿ ಸೋತೆವು. ಆಫೀಸಿನಲ್ಲಿ ಅರ್ಧ ಜನ "ಕೊಡಬೇಕಿತ್ತು" ಅಂತಾರೆ. ಇನ್ನರ್ಧ ಜನ "ಸ್ಮೋಲ್ಟ್ಸ್ ನೆನಪಿಲ್ವಾ?" ಅಂತ ಅವರ ಬಾಯಿ ಮುಚ್ಚಿಸ್ತಾರೆ. ಯಾರು ಸರಿ? ಮತ್ತೆ ಇಂಥ ಸಂದರ್ಭ ಬಂದರೆ ಏನು ನೋಡಿ ತೀರ್ಮಾನ ಮಾಡಬೇಕು?

ಉತ್ತರ: ಮೊದಲು ನನ್ನ ತೀರ್ಮಾನ ಹೇಳಿಬಿಡುತ್ತೇನೆ, ಆಮೇಲೆ ಕಾರಣ. ಮೆಕ್‌ಗಾನಿಗಲ್‌ನನ್ನು ಇಟ್ಟುಕೊಂಡದ್ದು ಸರಿ. ಕ್ಲಾರ್ಕ್‌ನನ್ನು ಎರಡು ತಿಂಗಳ ಮಟ್ಟಿಗೆ ಬರುವ ಆಟಗಾರನಿಗಾಗಿ ಕೊಡದೇ ಇದ್ದದ್ದೂ ಸರಿ. ತಪ್ಪಾದದ್ದು ಬೇರೆ ಕಡೆ. ಇವರಿಬ್ಬರ ಹಿಂದಿನ ಸಾಲಿನಲ್ಲೂ ಒಳ್ಳೊಳ್ಳೆ ಹುಡುಗರಿದ್ದರು. ಅವರಲ್ಲಿ ಒಬ್ಬನನ್ನೋ ಇಬ್ಬರನ್ನೋ ಕೊಟ್ಟು ಒಬ್ಬ ಗಟ್ಟಿ ಬ್ಯಾಟರ್‌ನನ್ನು ತರಬಹುದಿತ್ತು. ತರಲಿಲ್ಲ. ನಿಮ್ಮ ಆಫೀಸಿನ ಜಗಳ "ಈ ಇಬ್ಬರನ್ನು ಕೊಡು, ಇಲ್ಲಾ ಸುಮ್ನೆ ಕೂರು" ಅನ್ನುವ ಎರಡೇ ದಾರಿಯ ಮೇಲೆ ನಿಂತಿದೆ. ನಡುವಿನ ದಾರಿ ಅಗಲವಾಗಿಯೇ ಇತ್ತು.

ಕ್ರಿಕೆಟ್ ನೋಡಿ ಬೆಳೆದ ನಮಗೆ ಈ ವ್ಯವಹಾರ ತಲೆಗೆ ಹತ್ತುವುದು ಸ್ವಲ್ಪ ತಡ. ಕರ್ನಾಟಕದ ಹುಡುಗನನ್ನು ಬೆಳೆಸುವುದು ರಾಜ್ಯ ಸಂಸ್ಥೆ, ಕ್ಲಬ್‌ಗಳು. ಐಪಿಎಲ್ ತಂಡ ಹರಾಜಿನಲ್ಲಿ ಕೂತು ಬೆಳೆದವನನ್ನು ಕೊಳ್ಳುತ್ತದೆ. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಹೈಸ್ಕೂಲ್ ಮುಗಿಸಿದ 18ರ ಹುಡುಗನನ್ನು ವರ್ಷಕ್ಕೊಮ್ಮೆ ನಡೆಯುವ ಆಯ್ಕೆಯಲ್ಲಿ (ಡ್ರಾಫ್ಟ್) ತನ್ನ ಸರದಿ ಬಂದಾಗ ತಂಡವೇ ಆರಿಸುತ್ತದೆ. ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾ ಕಡೆಯ ಹುಡುಗರಾದರೆ 16ಕ್ಕೇ ಸಹಿ ಹಾಕಿಸುತ್ತದೆ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತದೆ. ಟೈಗರ್ಸ್ ಹುಡುಗರಿಗೆ ಆ ಮೆಟ್ಟಿಲು ಫ್ಲೋರಿಡಾದ ಲೇಕ್‌ಲ್ಯಾಂಡ್, ಗ್ರ್ಯಾಂಡ್ ರ‍್ಯಾಪಿಡ್ಸ್ ಪಕ್ಕದ ವೆಸ್ಟ್ ಮಿಶಿಗನ್ ತಂಡ, ಪೆನ್ಸಿಲ್ವೇನಿಯಾದ ಎರಿ, ಕೊನೆಗೆ ಒಹಾಯೋದ ಟೊಲೆಡೊ. ಟೊಲೆಡೊ ದಾಟಿದರೆ ಡೆಟ್ರಾಯ್ಟ್.

ಅಲ್ಲಿಗೆ ಬಂದಮೇಲೆ ಶುರುವಾಗುವುದೇ ಈ ಲೆಕ್ಕದ ಮುಖ್ಯ ಭಾಗ. ದೊಡ್ಡ ತಂಡದಲ್ಲಿ 172 ದಿನ ಇದ್ದರೆ ಒಂದು ವರ್ಷದ ಸೇವೆ. ಅಂಥ 6 ವರ್ಷ ತುಂಬುವವರೆಗೆ ಅವನು ಇಷ್ಟ ಬಂದ ತಂಡಕ್ಕೆ ಹೋಗುವ ಹಾಗಿಲ್ಲ. ಸಾಮಾನ್ಯವಾಗಿ ಮೊದಲ 3 ವರ್ಷ ಕನಿಷ್ಠ ಸಂಬಳದ ಆಸುಪಾಸು. 2025ರಲ್ಲಿ ಅದು 7 ಲಕ್ಷ 60 ಸಾವಿರ ಡಾಲರ್ ಇತ್ತು. ಮುಂದಿನ 3 ವರ್ಷ ಸಂಬಳ ಏರುತ್ತದೆ, ಆದರೂ ಪೇಟೆ ದರಕ್ಕಿಂತ ಕಡಿಮೆಯೇ. ಟೈಗರ್ಸ್‌ನ ಟಾರಿಕ್ ಸ್ಕೂಬಲ್ ಅವರನ್ನೇ ನೋಡಿ. 2024ರಲ್ಲಿ ಅಮೆರಿಕನ್ ಲೀಗ್‌ನ (ದೊಡ್ಡ ಬೇಸ್‌ಬಾಲ್‌ನ ಎರಡು ಲೀಗ್‌ಗಳಲ್ಲಿ ಒಂದು) ಅತ್ಯುತ್ತಮ ಪಿಚರ್‌ಗೆ, ಅಂದರೆ ಚೆಂಡು ಎಸೆಯುವವನಿಗೆ, ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದರು. ಮರುವರ್ಷ ಅವರ ಸಂಬಳ ಒಂದು ಕೋಟಿ ಡಾಲರ್‌ಗಿಂತ ಚೂರು ಜಾಸ್ತಿ. ಅದೇ ಮಟ್ಟದ ಪಿಚರ್ ಬಿಡಿ ಆಟಗಾರನಾಗಿ ಪೇಟೆಗೆ ಬಂದರೆ ವರ್ಷಕ್ಕೆ 3-4 ಕೋಟಿ ಡಾಲರ್ ಕೇಳುತ್ತಾನೆ. ಡೆಟ್ರಾಯ್ಟ್‌ನಂಥ ನಡು ಮಟ್ಟದ ಊರಿಗೆ ಈ ಅಂತರವೇ ಉಸಿರು. ಹಾಗಾಗಿ ಹುಡುಗನನ್ನು ಕೊಡುವುದು ಅಂದರೆ ಅವನ ಆ 6 ವರ್ಷವನ್ನೂ ಕೊಟ್ಟಂತೆ.

ಇನ್ನೊಂದು ವಿಷಯ. ಬೇಸ್‌ಬಾಲ್‌ನಲ್ಲಿ ಮುಂದಿನ ವರ್ಷದ ಆಯ್ಕೆಯ ಸರದಿಯನ್ನು, ಕೆಲವು ವಿಶೇಷ ಸರದಿಗಳನ್ನು ಬಿಟ್ಟರೆ, ಇನ್ನೊಂದು ತಂಡಕ್ಕೆ ಕೊಡುವಂತಿಲ್ಲ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಕೊಡಬಹುದು. ಇಲ್ಲಿ ಕೊಡು-ಕೊಳ್ಳುವಿಕೆಗೆ ಉಳಿದಿರುವ ನಾಣ್ಯ ಎಳೆಯ ಹುಡುಗರೇ. ಅದಲುಬದಲಿನ ಗಡುವಿನ ತಿಂಗಳಾದ ಜುಲೈ ಬಂತೆಂದರೆ ಎಲ್ಲರ ಬಾಯಲ್ಲೂ ಅವರ ಹೆಸರು ಓಡಾಡುವುದು ಅದಕ್ಕೇ.

ಈಗ ಸ್ಮೋಲ್ಟ್ಸ್ ಕಥೆ. ನಿಮ್ಮ ಆಫೀಸಿನಲ್ಲಿ ಅದನ್ನು ಮುಕ್ತಾಯದ ಮಾತಿನ ಹಾಗೆ ಬಳಸುತ್ತಾರೆ ಅಂತ ಬರೆದಿದ್ದೀರಿ. ಪೂರ್ತಿ ಕೇಳಿದರೆ ಅದು ಅಷ್ಟು ಸರಳವಲ್ಲ.

1987ರ ಆಗಸ್ಟ್ 12. ಟೈಗರ್ಸ್ ಮತ್ತು ಟೊರಾಂಟೊ ನಡುವೆ ಡಿವಿಷನ್‌ಗಾಗಿ, ಅಂದರೆ ಲೀಗ್‌ನೊಳಗಿನ ತಮ್ಮ ಗುಂಪಿನ ಮೊದಲ ಸ್ಥಾನಕ್ಕಾಗಿ, ಜಿದ್ದಾಜಿದ್ದಿ. ಆಗೆಲ್ಲ ಪ್ಲೇಆಫ್‌ಗೆ (ಸೀಸನ್ ಮುಗಿದಮೇಲಿನ ಪ್ರಶಸ್ತಿ ಸುತ್ತುಗಳಿಗೆ) ಹೋಗುತ್ತಿದ್ದದ್ದು ಲೀಗ್‌ಗೆ ಎರಡೇ ತಂಡ, ಇವತ್ತಿನ ಹಾಗೆ ಆರಲ್ಲ. ಡೆಟ್ರಾಯ್ಟ್‌ಗೆ ಪಿಚರ್ ಬೇಕಿತ್ತು. ಅಟ್ಲಾಂಟಾದಿಂದ 36 ವರ್ಷದ ಡಾಯ್ಲ್ ಅಲೆಕ್ಸಾಂಡರ್ ಅವರನ್ನು ತಂದರು. ಬದಲಿಗೆ 20 ವರ್ಷದ ಜಾನ್ ಸ್ಮೋಲ್ಟ್ಸ್‌ನನ್ನು ಕೊಟ್ಟರು. ಹುಡುಗ ಲ್ಯಾನ್ಸಿಂಗ್‌ನಲ್ಲಿ ಬೆಳೆದವನು, ಚಿಕ್ಕಂದಿನಿಂದ ಟೈಗರ್ಸ್ ಅಭಿಮಾನಿ. ಆ ವರ್ಷ ಮೈನರ್ ಲೀಗ್‌ನ ಗ್ಲೆನ್ಸ್ ಫಾಲ್ಸ್ ತಂಡದಲ್ಲಿ ಅವನ ದಾಖಲೆ 4 ಗೆಲುವು, 10 ಸೋಲು. 9 ಇನಿಂಗ್ಸ್‌ಗೆ ಸರಾಸರಿ ಐದೂವರೆ ರನ್‌ಗಿಂತ ಜಾಸ್ತಿ ಬಿಟ್ಟುಕೊಡುತ್ತಿದ್ದ.

ಅಲೆಕ್ಸಾಂಡರ್ ಬಂದು ಏನು ಮಾಡಿದರು? 11 ಪಂದ್ಯಗಳಲ್ಲಿ ಮೊದಲ ಪಿಚರ್ ಆಗಿ ಇಳಿದರು. ಹನ್ನೊಂದನ್ನೂ ತಂಡ ಗೆದ್ದಿತು. ಅವರ ಹೆಸರಿಗೆ 9 ಗೆಲುವು, ಒಂದೂ ಸೋಲಿಲ್ಲ, 9 ಇನಿಂಗ್ಸ್‌ಗೆ ಬಿಟ್ಟ ರನ್ ಸರಾಸರಿ 1.53. ಕೊನೆಯ ವಾರಾಂತ್ಯ ಟೊರಾಂಟೊ ತಂಡವೇ ಡೆಟ್ರಾಯ್ಟ್‌ಗೆ ಬಂತು. ಮೂರು ಪಂದ್ಯ, ಮೂರೂ ಒಂದೊಂದು ರನ್ ಅಂತರದಲ್ಲಿ ಟೈಗರ್ಸ್‌ಗೆ. ಅದರಲ್ಲಿ ಮೊದಲನೆಯದು ಅಲೆಕ್ಸಾಂಡರ್ ಅವರದು. ಡಿವಿಷನ್ ಗೆದ್ದದ್ದು ಎರಡೇ ಪಂದ್ಯದ ಅಂತರದಿಂದ. ಆ 11 ಪಂದ್ಯಗಳಲ್ಲಿ ಮೂರು ಸೋತಿದ್ದರೂ ಕಥೆ ಮುಗಿಯುತ್ತಿತ್ತು. ಆಮೇಲೆ ಪ್ಲೇಆಫ್‌ನಲ್ಲಿ ಮಿನೆಸೋಟ ಎದುರು 4-1ರಿಂದ ಸೋತರು. ಅಲೆಕ್ಸಾಂಡರ್ ಎಸೆದ ಎರಡೂ ಪಂದ್ಯ ಕೈತಪ್ಪಿತು. ಎರಡು ವರ್ಷದಲ್ಲಿ ಅವರ ಆಟವೂ ಮುಗಿಯಿತು. ಅತ್ತ ಸ್ಮೋಲ್ಟ್ಸ್ ಅಟ್ಲಾಂಟಾದಲ್ಲಿ 1996ರ ಸೈ ಯಂಗ್ ಗೆದ್ದರು. ಒಟ್ಟು 213 ಗೆಲುವು, 154 ಸೇವ್ (ಕೊನೆಗೆ ಬಂದು ಮುನ್ನಡೆ ಕಾಯ್ದುಕೊಂಡ ಪಂದ್ಯ). 2015ರಲ್ಲಿ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದರು.

ಇದನ್ನು ಮೂರ್ಖ ವ್ಯವಹಾರ ಅಂತ ಕರೆಯುವವರ ಜೊತೆ ನಾನು ನಿಲ್ಲಲಾರೆ. ತಂಡ ಕೇಳಿದ್ದು ಡಿವಿಷನ್. ಸಿಕ್ಕಿದ್ದೂ ಡಿವಿಷನ್. ಆಮೇಲೆ ಟೈಗರ್ಸ್ ಮತ್ತೆ ಪ್ಲೇಆಫ್ ಮುಖ ನೋಡಿದ್ದು 2006ರಲ್ಲಿ. ನಡುವಿನ ಹದಿನೆಂಟು ಬರಡು ವರ್ಷಗಳನ್ನು ಕಂಡವರಿಗೆ 1987ರ ಆ ಶರತ್ಕಾಲದ ಬೆಲೆ ಗೊತ್ತು. ಸ್ಮೋಲ್ಟ್ಸ್ ಒಬ್ಬರೇ ಇದ್ದಿದ್ದರೆ ಆ ಬರ ನೀಗುತ್ತಿತ್ತು ಅಂತ ನನಗನ್ನಿಸುವುದಿಲ್ಲ. ಅಟ್ಲಾಂಟಾದಲ್ಲಿ ಅವರ ಪಕ್ಕ ಗ್ರೆಗ್ ಮ್ಯಾಡಕ್ಸ್, ಟಾಮ್ ಗ್ಲಾವಿನ್ ಎಂಬ ದಿಗ್ಗಜ ಪಿಚರ್‌ಗಳಿದ್ದರು. ಮೊದಲ ವರ್ಷ, 1988ರಲ್ಲಿ, ಅಲ್ಲೂ ಅವರದು 2 ಗೆಲುವು, 7 ಸೋಲು. ಅಟ್ಲಾಂಟಾ ಸಹನೆಯಿಂದ ಕಾಯಿತು. ಡೆಟ್ರಾಯ್ಟ್ ಎಡವಿದ್ದು ಒಂದೇ ಕಡೆ: ಹುಡುಗನ ತೋಳಿನಲ್ಲಿರುವ ಬಲ ಬಿಟ್ಟು, ಹಾಳೆಯ ಮೇಲಿನ 4-10 ನೋಡಿ ಅವನಿಗೆ ಬೆಲೆ ಕಟ್ಟಿತು. 20 ವರ್ಷಕ್ಕೇ ತನಗಿಂತ ದೊಡ್ಡವರ ಎದುರು ಆಡುತ್ತಿದ್ದವನಿಗೆ ಆ ಸೋಲುಗಳು ಅಷ್ಟು ದೊಡ್ಡದಲ್ಲ.

ಇದೇ ಊರಿನಲ್ಲಿ ಇನ್ನೊಂದು ವ್ಯವಹಾರ ನಡೆಯಿತು. ಅದನ್ನು ಯಾರೂ ವಾದಕ್ಕೆ ತರುವುದಿಲ್ಲ. 2007ರ ಡಿಸೆಂಬರ್‌ನಲ್ಲಿ ಟೈಗರ್ಸ್ ಒಟ್ಟು 6 ಜನರನ್ನು ಫ್ಲೋರಿಡಾ ಮಾರ್ಲಿನ್ಸ್‌ಗೆ ಕೊಟ್ಟಿತು. ಅವರಲ್ಲಿ ಕ್ಯಾಮರನ್ ಮೇಬಿನ್, ಆಂಡ್ರ್ಯೂ ಮಿಲ್ಲರ್ ಆ ಹೊತ್ತಿನ ಮುತ್ತಿನಂಥ ಹುಡುಗರು, ಇಬ್ಬರೂ ಮೊದಲ ಸುತ್ತಿನಲ್ಲಿ ಆಯ್ಕೆಯಾದವರು. ಬಂದದ್ದು ಮಿಗೆಲ್ ಕಬ್ರೆರಾ, ಜೊತೆಗೆ ಪಿಚರ್ ಡಾಂಟ್ರೆಲ್ ವಿಲ್ಲಿಸ್. ಕಬ್ರೆರಾ ಅವರಿಗೆ ಆಗ 24 ವರ್ಷ. ಕೆಲವೇ ತಿಂಗಳಲ್ಲಿ 8 ವರ್ಷದ ಒಪ್ಪಂದ ಮಾಡಿಸಿದರು. 2012ರಲ್ಲಿ ಟ್ರಿಪಲ್ ಕ್ರೌನ್, ಅಂದರೆ ಬ್ಯಾಟಿಂಗ್ ಸರಾಸರಿ, ಹೋಮ್‌ರನ್ (ಕ್ರಿಕೆಟ್‌ನ ಸಿಕ್ಸರ್ ಥರದ ಹೊಡೆತ), ತಂಡಕ್ಕೆ ತಂದುಕೊಟ್ಟ ರನ್ ಮೂರರಲ್ಲೂ ಲೀಗ್‌ಗೇ ಮೊದಲು. 1967ರ ನಂತರ ಯಾರೂ ಮಾಡಿರಲಿಲ್ಲ. 3,000 ಹಿಟ್, 500 ಹೋಮ್‌ರನ್ ಎರಡನ್ನೂ ದಾಟಿ 2023ರಲ್ಲಿ ಟೈಗರ್ಸ್ ಅಂಗಿಯಲ್ಲೇ ನಿವೃತ್ತರಾದರು. ಕೊಟ್ಟ ಹುಡುಗರಲ್ಲಿ ಮಿಲ್ಲರ್ ಮುಂದೆ ದೊಡ್ಡ ಪಿಚರ್ ಆದದ್ದು ನಿಜ. ಆದರೆ ಅದು ಮಾರ್ಲಿನ್ಸ್ ಬಿಟ್ಟ ಎಷ್ಟೋ ವರ್ಷದ ಮೇಲೆ, ಕೊನೆಯ ಇನಿಂಗ್ಸ್‌ಗಳಿಗೆ ಬರುವ ರಿಲೀವರ್ ಆಗಿ.

1987 ಮತ್ತು 2007ರ ನಡುವಿನ ವ್ಯತ್ಯಾಸ ನೋಡಿ. ಒಂದು ಕಡೆ ಬಂದವರು ತೀರ ವಯಸ್ಸಾದ ಪಿಚರ್, ಇನ್ನೊಂದು ಕಡೆ ಬಂದವರು 24ರ ಬ್ಯಾಟರ್. ನಾನು ಮೊದಲು ಕೇಳುವ ಪ್ರಶ್ನೆ ಇದೇ: ಕೊಡುವ ವರ್ಷಗಳಿಗೆ ಎಷ್ಟು ವರ್ಷ ವಾಪಸ್ ಬರುತ್ತಿದೆ? ಎರಡು ತಿಂಗಳಿಗೆ 6 ವರ್ಷ ಕೊಡುವುದಕ್ಕೆ ಬಹಳ ಬಲವಾದ ಕಾರಣ ಬೇಕು. ಶಿಕಾಗೊ ಕಬ್ಸ್‌ಗೆ 2016ರಲ್ಲಿ ಅಂಥ ಕಾರಣ ಇತ್ತು. 1908ರಿಂದ ಅವರು ವರ್ಲ್ಡ್ ಸೀರೀಸ್ (ವರ್ಷದ ಅಂತಿಮ ಪ್ರಶಸ್ತಿ ಸರಣಿ) ಗೆದ್ದಿರಲಿಲ್ಲ, ತಂಡ ಆ ವರ್ಷ ಎಲ್ಲರಿಗಿಂತ ಮುಂದಿತ್ತು. ಗ್ಲೇಬರ್ ಟೋರೆಸ್ ಎಂಬ ಹುಡುಗನ ಜೊತೆ ಇನ್ನೂ ಮೂವರನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಕೊಟ್ಟು ಪಿಚರ್ ಅರೋಲ್ಡಿಸ್ ಚಾಪ್‌ಮನ್ ಅವರನ್ನು ತಂದರು. ಗೆದ್ದರು. ಟೋರೆಸ್ ಯಾಂಕೀಸ್‌ನಲ್ಲಿ ಎರಡು ಸಲ ಆಲ್‌ಸ್ಟಾರ್ ಆದರು, ಅಂದರೆ ಲೀಗ್‌ನ ವರ್ಷದ ತಾರಾ ತಂಡಕ್ಕೆ ಆಯ್ಕೆಯಾದರು. ಶಿಕಾಗೊದಲ್ಲಿ ಅದಕ್ಕಾಗಿ ಕೊರಗುವವರು ನನಗಂತೂ ಸಿಕ್ಕಿಲ್ಲ.

ಎರಡನೆಯ ಪ್ರಶ್ನೆ, ಹುಡುಗ ನಿಜಕ್ಕೂ ಆಗುತ್ತಾನಾ? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ಬೇಸ್‌ಬಾಲ್ ಮಂದಿ ಯಾರಿಗೂ ಕಡಿಮೆ ಇಲ್ಲ. ಪ್ರತಿ ವರ್ಷ ನೂರು ಹುಡುಗರ ಪಟ್ಟಿ ಬರುತ್ತದೆ. ಐದು ವರ್ಷ ಬಿಟ್ಟು ಅದೇ ಪಟ್ಟಿ ತೆಗೆದು ನೋಡಿದರೆ ಎಷ್ಟೋ ಹೆಸರು ನೆನಪೇ ಇರುವುದಿಲ್ಲ. ಇದಕ್ಕೂ ಡೆಟ್ರಾಯ್ಟ್ ಬಿಟ್ಟು ಹೊರಗೆ ಹೋಗಬೇಕಾಗಿಲ್ಲ. 2017ರ ಆಗಸ್ಟ್ 31ರಂದು ಜಸ್ಟಿನ್ ವರ್ಲ್ಯಾಂಡರ್ ಅವರನ್ನು ಹ್ಯೂಸ್ಟನ್‌ಗೆ ಕಳಿಸಿದಾಗ ಮೂವರು ಹುಡುಗರು ಬಂದರು. ಅವರಲ್ಲಿ ರತ್ನ ಅಂತ ಎಣಿಸಿದ್ದು ಫ್ರಾಂಕ್ಲಿನ್ ಪೆರೆಜ್ ಎಂಬ ಪಿಚರ್‌ನನ್ನು. ಗಾಯದ ಮೇಲೆ ಗಾಯ. ಟೈಗರ್ಸ್ ಪರ ದೊಡ್ಡ ಲೀಗ್‌ನಲ್ಲಿ ಅವನು ಒಂದು ಚೆಂಡೂ ಎಸೆಯಲಿಲ್ಲ. ಅಷ್ಟೇನೂ ಮಾತಾಗದ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ಜೇಕ್ ರೋಜರ್ಸ್ 2025ರಲ್ಲೂ ತಂಡದಲ್ಲಿದ್ದರು. ವರ್ಲ್ಯಾಂಡರ್ ಅದೇ ವರ್ಷ ಹ್ಯೂಸ್ಟನ್ ಜೊತೆ ವರ್ಲ್ಡ್ ಸೀರೀಸ್ ಗೆದ್ದರು.

ಪಿಚರ್ ಹುಡುಗರ ವಿಷಯದಲ್ಲಿ ಈ ಅಪಾಯ ಇನ್ನೂ ಜಾಸ್ತಿ. ಮೊಣಕೈಯ ಲಿಗಮೆಂಟ್‌ಗೆ (ಮೂಳೆಗಳನ್ನು ಬಿಗಿದಿಡುವ ಪಟ್ಟಿಗೆ) ಮಾಡುವ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಒಂದರಿಂದ ಒಂದೂವರೆ ವರ್ಷ ನುಂಗಿಬಿಡುತ್ತದೆ. 2020ರ ಸುಮಾರಿಗೆ ಟೈಗರ್ಸ್ ಭವಿಷ್ಯ ಅಂದರೆ ಮೂವರು ಪಿಚರ್: ಕೇಸಿ ಮೈಜ್, ಮ್ಯಾಟ್ ಮ್ಯಾನಿಂಗ್, ಸ್ಕೂಬಲ್. ಮೈಜ್ 2018ರಲ್ಲಿ ಇಡೀ ದೇಶದಲ್ಲೇ ಮೊದಲನೆಯವನಾಗಿ ಆಯ್ಕೆಯಾದವನು. 2022ರಲ್ಲಿ ಟಾಮಿ ಜಾನ್ ಮಾಡಿಸಿಕೊಂಡು, 2025ರಲ್ಲಿ ಕೊನೆಗೂ ಆಲ್‌ಸ್ಟಾರ್ ಆದ. ಏಳು ವರ್ಷದ ಕಾಯುವಿಕೆ. ಮ್ಯಾನಿಂಗ್ 2016ರಲ್ಲಿ 9ನೆಯವನಾಗಿ ಬಂದವನು. 2025ರ ಜುಲೈನಲ್ಲಿ ಅವನಿಗೆ ತಂಡದಲ್ಲಿ ಜಾಗವಿಲ್ಲದೆ ಫಿಲಡೆಲ್ಫಿಯಾಗೆ ಕಳಿಸಿದರು. ಒಂಬತ್ತನೇ ಸುತ್ತಿನಲ್ಲಿ ಬಂದ, ಕಾಲೇಜಿನಲ್ಲೇ ಕೈ ಕೊಯ್ಸಿಕೊಂಡಿದ್ದ ಸ್ಕೂಬಲ್ ಮಾತ್ರ ಜಗತ್ತಿನ ಅತ್ಯುತ್ತಮ ಪಿಚರ್ ಆದರು. 2024 ಆದಮೇಲೆ 2025ರಲ್ಲೂ ಸೈ ಯಂಗ್ ಅವರಿಗೇ. ಆ ಮೂವರಲ್ಲಿ ಒಬ್ಬನನ್ನು ಕೊಡಬೇಕು ಅಂತ 2019ರಲ್ಲಿ ಯಾರಾದರೂ ಪಟ್ಟು ಹಿಡಿದಿದ್ದರೆ ಬಹುತೇಕರು ಸ್ಕೂಬಲ್ ಕಡೆ ಬೆರಳು ತೋರಿಸುತ್ತಿದ್ದರು.

ಹಾಗಾದರೆ ಏನೂ ಗೊತ್ತಾಗುವುದೇ ಇಲ್ವಾ? ಗೊತ್ತಾಗುತ್ತದೆ, ಸ್ವಲ್ಪ ಮಟ್ಟಿಗೆ. ಬ್ಯಾಟರ್ ಹುಡುಗರಲ್ಲಿ ನಾನು ಹೋಮ್‌ರನ್ ಸಂಖ್ಯೆಗಿಂತ ಮೊದಲು ನೋಡುವುದು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಔಟಾಗುವುದು) ಎಷ್ಟು, ವಾಕ್ (ಪಿಚರ್ ನಾಲ್ಕು ಚೆಂಡು ಹೊರಗೆ ಎಸೆದಾಗ ಪುಕ್ಕಟೆ ಸಿಗುವ ಫಸ್ಟ್ ಬೇಸ್) ಎಷ್ಟು ಅನ್ನುವುದನ್ನು. ಆಮೇಲೆ ವಯಸ್ಸು. ಎರಿಯಲ್ಲಿ ಆಡುವವರಲ್ಲಿ ಬಹಳ ಜನ 23-24ರವರು. ಅಲ್ಲಿ 20ರ ಹುಡುಗ ಸರಿಸಮ ಆಡಿದರೆ ಅದೇ ದೊಡ್ಡ ಸುದ್ದಿ. ಮೆಕ್‌ಗಾನಿಗಲ್ ಇಲ್ಲಿ ಎದ್ದು ಕಾಣುತ್ತಾನೆ. 2023ರಲ್ಲಿ 37ನೆಯವನಾಗಿ ಆಯ್ಕೆಯಾದ, ಎಡಗೈ ಬ್ಯಾಟರ್, ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್). 2025ರಲ್ಲಿ ಅವನ ವಾಕ್‌ಗಳು ಸ್ಟ್ರೈಕ್‌ಔಟ್‌ಗಳಿಗಿಂತ ಜಾಸ್ತಿ. ಹೊಡೆತದಲ್ಲಿ ಬಲವೂ ಇದೆ. ಈ ಎರಡು ಒಟ್ಟಿಗೆ ಸಿಗುವುದು ಅಪರೂಪ.

ಅವನು ಆಡುವಾಗ ಎರಡು ಸ್ಟ್ರೈಕ್ ಆದಮೇಲೆ ಗಮನಿಸಿ. ಪಿಚರ್ ಚೆಂಡನ್ನು ಹೊರಗೆ, ಕೆಳಗೆ ಬೀಳುವ ಹಾಗೆ ಎಸೆಯುತ್ತಾನೆ. ಬಹಳ ಹುಡುಗರು ಅಲ್ಲಿ ಬ್ಯಾಟ್ ಬೀಸಿ ಔಟಾಗುತ್ತಾರೆ. ಒಳ್ಳೆಯ ಕಣ್ಣಿನವನ ಮುಂಗಾಲು ನೆಲಕ್ಕೆ ಬರುತ್ತದೆ, ಮೊಣಕೈ ಒಂದಿಷ್ಟು ಅಲುಗುತ್ತದೆ, ಬ್ಯಾಟ್ ಮಾತ್ರ ಭುಜದ ಹತ್ತಿರವೇ ನಿಲ್ಲುತ್ತದೆ. ಮುಂದಿನ ಚೆಂಡು ಒಳಗೆ ಬಂದರೆ ಕೊನೇ ಗಳಿಗೆಯಲ್ಲಿ ತಾಗಿಸಿ ಗೆರೆಯಾಚೆ ಕಳಿಸಿ ಫೌಲ್ ಮಾಡುತ್ತಾನೆ. ಹೀಗೆ ಏಳು ಎಂಟು ಚೆಂಡು ಎಸೆಸಿದರೆ ಪಿಚರ್‌ಗೇ ಸುಸ್ತು. ಇದು ಸ್ಕೋರ್‌ಕಾರ್ಡ್‌ನಲ್ಲಿ ಬರುವುದಿಲ್ಲ. ದೊಡ್ಡ ಲೀಗ್‌ನಲ್ಲಿ ಉಳಿಯುವವನು ಯಾರು ಅಂತ ಹೇಳುವುದು ಹೆಚ್ಚಾಗಿ ಇದೇ. ಅಂಥವನನ್ನು, ಅದರಲ್ಲೂ ಶಾರ್ಟ್‌ಸ್ಟಾಪ್‌ನಲ್ಲಿ ನಿಲ್ಲಬಲ್ಲವನನ್ನು, ಸುಮ್ನೆ ಕೊಡಬಾರದು.

ಈಗ 2025ಕ್ಕೆ ಬರೋಣ. ಜುಲೈ ಮೊದಲ ವಾರದಲ್ಲಿ ಟೈಗರ್ಸ್ ಕ್ಲೀವ್‌ಲ್ಯಾಂಡ್‌ಗಿಂತ 15 ಪಂದ್ಯಕ್ಕೂ ಹೆಚ್ಚು ಮುಂದಿತ್ತು. ಜುಲೈ 31ರ ಸಂಜೆ 6ಕ್ಕೆ ಗಡುವು. ಆಡಳಿತ ನೋಡುವ ಸ್ಕಾಟ್ ಹ್ಯಾರಿಸ್ ತಂದದ್ದು ಪಿಚರ್‌ಗಳನ್ನೇ: ಕೈಲ್ ಫಿನಿಗನ್, ರಫಾಯೆಲ್ ಮೊಂಟೆರೊ, ಕ್ರಿಸ್ ಪ್ಯಾಡಕ್, ಚಾರ್ಲಿ ಮಾರ್ಟನ್. ಫಿನಿಗನ್ ಉಪಯೋಗಕ್ಕೆ ಬಂದರು. ಮಾರ್ಟನ್ ಅವರನ್ನು ಸೆಪ್ಟೆಂಬರ್ ಮುಗಿಯುವ ಮೊದಲೇ ಕೈಬಿಟ್ಟರು. ಬ್ಯಾಟರ್ ಒಬ್ಬರೂ ಬರಲಿಲ್ಲ. ಸೆಪ್ಟೆಂಬರ್‌ನಲ್ಲಿ ತಂಡ ಕುಸಿದು ಡಿವಿಷನ್ ಒಂದೇ ಪಂದ್ಯದ ಅಂತರದಲ್ಲಿ ಕ್ಲೀವ್‌ಲ್ಯಾಂಡ್ ಪಾಲಾಯಿತು. ಪ್ಲೇಆಫ್‌ನ ಮೊದಲ ಸುತ್ತಾದ ವೈಲ್ಡ್ ಕಾರ್ಡ್‌ನಲ್ಲಿ ಅದೇ ಕ್ಲೀವ್‌ಲ್ಯಾಂಡ್ ಅನ್ನು ಸೋಲಿಸಿದರು, ಸಿಯಾಟಲ್ ಎದುರು ಐದನೇ ಪಂದ್ಯದವರೆಗೆ ಹೋದರು.

ಅಕ್ಟೋಬರ್ 10ರ ಆ ಪಂದ್ಯ ನೀವೂ ನೋಡಿರುತ್ತೀರಿ. ಸ್ಕೂಬಲ್ 6 ಇನಿಂಗ್ಸ್ ಎಸೆದು 13 ಜನರನ್ನು ಸ್ಟ್ರೈಕ್‌ಔಟ್ ಮಾಡಿದರು, ಬಿಟ್ಟದ್ದು ಒಂದೇ ರನ್. ಪಂದ್ಯ 15 ಇನಿಂಗ್ಸ್‌ಗೆ ಎಳೆಯಿತು. ಅಷ್ಟೂ ಇನಿಂಗ್ಸ್‌ನಲ್ಲಿ ಟೈಗರ್ಸ್ ಗಳಿಸಿದ್ದು 2 ರನ್. ಎರಡೂ ಕೆರಿ ಕಾರ್ಪೆಂಟರ್ ಅವರ ಒಂದೇ ಹೋಮ್‌ರನ್‌ನಿಂದ. ಕೊನೆಗೆ ಹೋರ್ಹೆ ಪೊಲಾಂಕೊ ಹೊಡೆದರು, 3-2. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇನ್ನೊಂದು ಬ್ಯಾಟ್ ಇದ್ದಿದ್ದರೆ ಅನ್ನುವ ಮಾತು ಬಾಯಿಗೆ ಬರದವರು ಆ ರಾತ್ರಿ ಡೆಟ್ರಾಯ್ಟ್‌ನಲ್ಲಿ ಇರಲಿಕ್ಕಿಲ್ಲ.

ಎದುರು ನಿಂತಿದ್ದ ಸಿಯಾಟಲ್ ಏನು ಮಾಡಿತ್ತು ನೋಡಿ. ಜುಲೈನಲ್ಲಿ ಅರಿಝೋನದಿಂದ ಇಬ್ಬರನ್ನು ತಂದಿತು. ಮೊದಲು ಜಾಶ್ ನೇಯ್ಲರ್, ಆಮೇಲೆ ಯುಜೀನಿಯೊ ಸುವಾರೆಜ್. ಸುವಾರೆಜ್ ಆ ಹೊತ್ತಿಗೆ 36 ಹೋಮ್‌ರನ್ ಹೊಡೆದಿದ್ದರು. ಇಬ್ಬರಿಗೂ ಸೇರಿ ಸಿಯಾಟಲ್ ತನ್ನ ತಲೆಮೇಲಿಟ್ಟುಕೊಂಡ ಹುಡುಗರಲ್ಲಿ ಒಬ್ಬನನ್ನೂ ಕೊಡಲಿಲ್ಲ. ಟೈಲರ್ ಲಾಕ್‌ಲಿಯರ್, ಬ್ರ್ಯಾಂಡಿನ್ ಗಾರ್ಸಿಯ ಅಂಥ ಎರಡನೇ ಸಾಲಿನವರೇ ಹೋದದ್ದು. ಟೈಗರ್ಸ್ ಬಳಿಯೂ ಅಂಥವರಿದ್ದರು. ಟೈರಾನ್ ಲಿರಾಂಜೊ ಕ್ಯಾಚರ್. ಜೊಸುವೆ ಬ್ರಿಸೆನ್ಯೊ ಕ್ಯಾಚರ್, ಫಸ್ಟ್ ಬೇಸ್ ಎರಡೂ. ದೊಡ್ಡ ತಂಡದಲ್ಲಿ ಕ್ಯಾಚರ್ ಆಗಿ ಡಿಲ್ಲನ್ ಡಿಂಗ್ಲರ್ ಗಟ್ಟಿಯಾಗಿ ಕೂತಿದ್ದಾರೆ. ಫಸ್ಟ್ ಬೇಸ್‌ನಲ್ಲಿ ಆ ವರ್ಷ 31 ಹೋಮ್‌ರನ್ ಹೊಡೆದ ಸ್ಪೆನ್ಸರ್ ಟಾರ್ಕಲ್ಸನ್. ಈ ಹುಡುಗರಿಗೆ ದಾರಿ ಎಲ್ಲಿದೆ? ಅವರಲ್ಲಿ ಒಬ್ಬನನ್ನು ನಾನಾಗಿದ್ದರೆ ಕೊಡುತ್ತಿದ್ದೆ.

ಇಟ್ಟುಕೊಳ್ಳುವುದಕ್ಕೂ ಜಾಗ ಬೇಕು ಅನ್ನುವುದನ್ನು ಜನ ಮರೆಯುತ್ತಾರೆ. 18 ಅಥವಾ ಅದಕ್ಕೂ ಚಿಕ್ಕ ವಯಸ್ಸಿನಲ್ಲಿ ಸಹಿ ಮಾಡಿದವನನ್ನು ಐದು ಸೀಸನ್ ಆದಮೇಲೆ, ದೊಡ್ಡವನಾಗಿ ಬಂದವನನ್ನು ನಾಲ್ಕು ಸೀಸನ್ ಆದಮೇಲೆ, ದೊಡ್ಡ ತಂಡದ 40 ಜನರ ಪಟ್ಟಿಗೆ ಸೇರಿಸಬೇಕು. ಇಲ್ಲದಿದ್ದರೆ ಡಿಸೆಂಬರ್‌ನ ರೂಲ್ 5 ಆಯ್ಕೆಯಲ್ಲಿ ಬೇರೆ ತಂಡ ಎತ್ತಿಕೊಂಡು ಹೋಗಬಹುದು. ಹುಡುಗರು ತುಂಬಿದ ತಂಡ ಎಲ್ಲರನ್ನೂ ಉಳಿಸಿಕೊಳ್ಳಲಾರದು. ಹೇಗೂ ಕೈಬಿಡಬೇಕಾದವನನ್ನು ಬೆಲೆ ಇರುವಾಗಲೇ ಕೊಡುವುದು ಜಾಣತನ.

ಆದರೆ ಇಲ್ಲೂ ಒಂದು ಮುಳ್ಳಿದೆ, ಅದನ್ನೂ ಹೇಳಿಬಿಡಬೇಕು. ಈ ಸುವಾರೆಜ್ ಶುರುವಾದದ್ದೇ ಡೆಟ್ರಾಯ್ಟ್‌ನಲ್ಲಿ. ಆಗ ಅವರೂ ಎರಡನೇ ಸಾಲಿನ ಹುಡುಗ. 2014ರ ಡಿಸೆಂಬರ್‌ನಲ್ಲಿ ಅವರನ್ನು ಸಿನ್ಸಿನಾಟಿಗೆ ಕೊಟ್ಟು ಆಲ್‌ಫ್ರೆಡೊ ಸಿಮೋನ್ ಎಂಬ ಪಿಚರ್‌ನನ್ನು ತಂದರು. ಸಿಮೋನ್ ಟೈಗರ್ಸ್‌ಗೆ ಆಡಿದ್ದು ಒಂದೇ ವರ್ಷ, 9 ಇನಿಂಗ್ಸ್‌ಗೆ ಬಿಟ್ಟ ರನ್ ಸರಾಸರಿ 5ರ ಮೇಲೆ. ಸುವಾರೆಜ್ 2019ರಲ್ಲಿ 49 ಹೋಮ್‌ರನ್, 2025ರಲ್ಲಿ ಮತ್ತೆ 49. ನನಗೆ ಸ್ಮೋಲ್ಟ್ಸ್ ವ್ಯವಹಾರಕ್ಕಿಂತ ಇದು ಜಾಸ್ತಿ ನೋವು ಕೊಡುತ್ತದೆ. 1987ರಲ್ಲಿ ಕೊಟ್ಟದ್ದಕ್ಕೆ ಡಿವಿಷನ್ ಬಂತು, ಇಲ್ಲಿ ಏನೂ ಬರಲಿಲ್ಲ. ಇನ್ನೊಂದು ಮಾತು, ಸಿಯಾಟಲ್‌ಗೆ ಬಂದಮೇಲೆ ಸೀಸನ್ ಮುಗಿಯುವವರೆಗೆ ಸುವಾರೆಜ್ ಬ್ಯಾಟಿಂಗ್ ಸರಾಸರಿ .200 (ಹತ್ತಕ್ಕೆ ಎರಡು ಹಿಟ್) ಕೂಡ ದಾಟಲಿಲ್ಲ. ಮುಂದಿನ ಸುತ್ತಿನಲ್ಲಿ ಟೊರಾಂಟೊ ಎದುರಿನ ಐದನೇ ಪಂದ್ಯದಲ್ಲಿ ಗ್ರ್ಯಾಂಡ್‌ಸ್ಲ್ಯಾಮ್ (ಮೂರೂ ಬೇಸ್ ತುಂಬಿದ್ದಾಗ ಹೋಮ್‌ರನ್) ಹೊಡೆದರು ನಿಜ. ಆದರೂ ಸಿಯಾಟಲ್ ವರ್ಲ್ಡ್ ಸೀರೀಸ್‌ಗೆ ಹೋಗಲಿಲ್ಲ. ಬ್ಯಾಟರ್ ತಂದಿದ್ದರೆ ಗೆದ್ದೇ ಬಿಡುತ್ತಿದ್ದೆವು ಅಂತ ನಾನು ಹೇಳುತ್ತಿಲ್ಲ. ಸ್ಕೂಬಲ್‌ನಂಥ ಪಿಚರ್ ಕೈಯಲ್ಲಿರುವ ವರ್ಷದಲ್ಲಿ ಆ ಪ್ರಯತ್ನವನ್ನಾದರೂ ಮಾಡಬೇಕಿತ್ತು ಅನ್ನುತ್ತಿದ್ದೇನೆ.

ದೊಡ್ಡ ದಾರಿ ಹಿಡಿದವರೂ ಅದೇ ದಿನ ಇದ್ದರು. ಸ್ಯಾನ್ ಡಿಯೇಗೊ ಪಾಡ್ರೆಸ್ 18 ವರ್ಷದ ಲಿಯೊ ಡಿ ವ್ರೀಸ್‌ನನ್ನೇ ಕೊಟ್ಟುಬಿಟ್ಟಿತು. ದೇಶದ ಮೊದಲ ಐದರಲ್ಲಿ ಎಣಿಸುತ್ತಿದ್ದ ಹುಡುಗ. ಬದಲಿಗೆ ಗಂಟೆಗೆ 100 ಮೈಲಿ ವೇಗದಲ್ಲಿ ಎಸೆಯುವ ಮೇಸನ್ ಮಿಲ್ಲರ್, ಜೊತೆಗೆ ಜೆ.ಪಿ. ಸಿಯರ್ಸ್ ಬಂದರು. ಪಾಡ್ರೆಸ್ ವೈಲ್ಡ್ ಕಾರ್ಡ್‌ನಲ್ಲೇ ಕಬ್ಸ್‌ಗೆ ಸೋತಿತು. ನೋಡಿದಿರಾ, ಕೊಟ್ಟರೂ ಏನಾಯಿತು ಅಂತ ಕೆಲವರು ಈಗ ಕೇಳುತ್ತಾರೆ. ಮಿಲ್ಲರ್ ಎರಡು ತಿಂಗಳಿಗೆ ಬಂದವರಲ್ಲ. 2029ರವರೆಗೆ ಅವರು ಪಾಡ್ರೆಸ್ ಹಿಡಿತದಲ್ಲೇ ಇರುತ್ತಾರೆ. ಹಾಗಾಗಿ ಆ ವ್ಯವಹಾರವನ್ನು ಒಂದು ಅಕ್ಟೋಬರ್‌ನಿಂದ ಅಳೆಯಲಾಗದು. ಆದರೂ ದಿನಕ್ಕೆ ಒಂದೇ ಇನಿಂಗ್ಸ್ ಎಸೆಯುವ ರಿಲೀವರ್‌ಗಾಗಿ ಅಂಥ ಶಾರ್ಟ್‌ಸ್ಟಾಪ್‌ನನ್ನು ನಾನು ಕೊಡುತ್ತಿರಲಿಲ್ಲ.

ಕ್ಲಾರ್ಕ್ ವಿಷಯಕ್ಕೆ ಬರುತ್ತೇನೆ. 2023ರ ಮೂರನೇ ಆಯ್ಕೆ, ಓಟ ಚೆನ್ನ, ಸೆಂಟರ್ ಫೀಲ್ಡ್‌ನಲ್ಲಿ ಚುರುಕು. ಜನ ಇಬ್ಬರ ಹೆಸರನ್ನೂ ಒಟ್ಟಿಗೆ ಹೇಳುವುದು ರೂಢಿ. ತಂಡದ ದೃಷ್ಟಿಯಲ್ಲಿ ಇಬ್ಬರೂ ಒಂದೇ ಅಲ್ಲ. ಔಟ್‌ಫೀಲ್ಡ್‌ನಲ್ಲಿ ರೈಲಿ ಗ್ರೀನ್, ಕಾರ್ಪೆಂಟರ್, ಪಾರ್ಕರ್ ಮೆಡೋಸ್, ವೆನ್ಸೀಲ್ ಪೆರೆಜ್ ಇದ್ದಾರೆ. ಶಾರ್ಟ್‌ಸ್ಟಾಪ್‌ನಲ್ಲಿ ಬಹಳ ವರ್ಷಕ್ಕೆ ನೆಚ್ಚಬಹುದಾದವರು ಯಾರೂ ಇಲ್ಲ. ಹಾವಿಯರ್ ಬಯೆಜ್ ಅವರ ಒಪ್ಪಂದ 2027ಕ್ಕೆ ಮುಗಿಯುತ್ತದೆ. ಹಾಗಾಗಿ ಮೆಕ್‌ಗಾನಿಗಲ್ ಬಗ್ಗೆ ಯಾರು ಫೋನ್ ಮಾಡಿದರೂ ಇಲ್ಲ ಅನ್ನಬೇಕು. ಕ್ಲಾರ್ಕ್ ಬಗ್ಗೆ ಫೋನ್ ಬಂದರೆ ಮಾತು ಕೇಳಬೇಕು. ಕಬ್ರೆರಾ ತರಹ ಇನ್ನೂ ಎಳೆಯ ವಯಸ್ಸಿನ, ಆಗಲೇ ಸಾಬೀತಾದ ಆಟಗಾರ ಕನಿಷ್ಠ ಮೂರು ವರ್ಷಕ್ಕೆ ಬರುವುದಾದರೆ ನಾನು ಕೊಡುತ್ತೇನೆ. ಒಂದು ವರ್ಷದವನಿಗಾದರೆ ಇಲ್ಲ.

2026 ಮುಗಿದರೆ ಸ್ಕೂಬಲ್ ಬಿಡಿ ಆಟಗಾರರಾಗುತ್ತಾರೆ. ಅಷ್ಟರೊಳಗೆ ಗೆಲ್ಲಬೇಕು ಅಂದರೆ ಮೆಕ್‌ಗಾನಿಗಲ್‌ನನ್ನು ಕೊಡಿ ಅನ್ನುವವರಿದ್ದಾರೆ. ಅವನು ಎರಿವರೆಗೆ ಹತ್ತಿಯಾಗಿದೆ. 2026ರಲ್ಲಿ ಸ್ಕೂಬಲ್ ಹಿಂದೆ ನಿಂತು ಆಡಬೇಕಾದ ಹುಡುಗನೇ ಅವನು. 2024 ನೆನಪಿಸಿಕೊಳ್ಳಿ. ಜುಲೈನಲ್ಲಿ ತಂಡ ಜ್ಯಾಕ್ ಫ್ಲಾಹರ್ಟಿ ಅವರನ್ನು ಡಾಜರ್ಸ್‌ಗೆ ಕೊಟ್ಟು ಲಿರಾಂಜೊ ಮತ್ತು ಟ್ರೇ ಸ್ವೀನಿಯನ್ನು ತಂದಿತ್ತು. ಆ ವರ್ಷದ ಆಟ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು. ಸ್ವೀನಿ ಆಗಸ್ಟ್‌ನಲ್ಲೇ ಬಂದು ಶಾರ್ಟ್‌ಸ್ಟಾಪ್‌ನಲ್ಲಿ ನಿಂತ, ತಂಡ ಹತ್ತು ವರ್ಷದ ಮೇಲೆ ಪ್ಲೇಆಫ್‌ಗೆ ಹೋಯಿತು.

ಮುಂದಿನ ಜುಲೈಗೆ ಮೊದಲು ಸಾಧ್ಯವಾದರೆ ಮಗನನ್ನು ಕರೆದುಕೊಂಡು ಟೊಲೆಡೊಗೆ ಹೋಗಿ ಬನ್ನಿ. ನೋವೈಯಿಂದ ಹೆಚ್ಚುಕಮ್ಮಿ ಒಂದು ಗಂಟೆಯ ದಾರಿ. ಕ್ಲಾರ್ಕ್, ಬ್ರಿಸೆನ್ಯೊ ಇಬ್ಬರೂ 2025 ಮುಗಿಸಿದ್ದು ಎರಿಯಲ್ಲಿ, ಮುಂದಿನ ಮೆಟ್ಟಿಲು ಅದೇ. ಹೋಮ್ ಪ್ಲೇಟ್ ಹಿಂದೆ ಕೂತರೆ ಎರಡು ಸ್ಟ್ರೈಕ್ ಆದಮೇಲೆ ಯಾರ ಬ್ಯಾಟ್ ಭುಜದ ಹತ್ತಿರ ನಿಲ್ಲುತ್ತದೆ, ಯಾರದು ಚೆಂಡಿನ ಹಿಂದೆ ಓಡುತ್ತದೆ ಅನ್ನುವುದು ಬರಿಗಣ್ಣಿಗೇ ಕಾಣುತ್ತದೆ. ಬ್ರಿಸೆನ್ಯೊ ಅಲ್ಲಿ ಸ್ಟ್ರೈಕ್‌ಔಟ್ ಕಡಿಮೆ ಮಾಡಿಕೊಂಡಿದ್ದರೆ, ಕ್ಯಾಚರ್ ಜಾಗದಲ್ಲಿ ಚೆನ್ನಾಗಿ ನಿಂತಿದ್ದರೆ, ಅವನನ್ನು ಕೊಟ್ಟುಬಿಡಿ ಅನ್ನುವ ನನ್ನ ಮಾತನ್ನು ನೀವು ಪಕ್ಕಕ್ಕಿಡಬಹುದು.